ಎಲ್ಲರನ್ನೂ ಕೂರಿಸಿದ ಯಲ್ಲಪ್ಪ

ಯಲ್ಲಪ್ಪ ಯಾರನ್ನೇ ಕಂಡರೂ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: "ಕುಂದ್ರರಿ." ನಮ್ಮೂರಲ್ಲಿ ಆ ಮಾತು ಕೇಳಿದ ಕೂಡಲೇ ಕುಳಿತವರೂ ಎದ್ದು ನಿಲ್ಲುತ್ತಿದ್ದರು.

ಕಾರಣ ಇಷ್ಟೇ. ಅವನು ಸುಡುಗಾಡಿನಲ್ಲಿ ಕುಣಿ ತೋಡುವವನು. ಹೆಸರಿಗೆ ಸುಡುಗಾಡು, ಅಲ್ಲಿ ಸುಡುವುದೇನೂ ಇಲ್ಲ. ನಮ್ಮ ಕಡೆ ಲಿಂಗಾಯತರು ಸತ್ತವರನ್ನು ಕೂರಿಸಿ ಹೂಳುತ್ತಾರೆ. ಹಾಗಾಗಿ ಕುಣಿಗೆ ಬೇಕಾದದ್ದು ನಿಂತ ಎತ್ತರವಲ್ಲ, ಕುಳಿತ ಎತ್ತರ. ಸತ್ತ ಮೇಲೆ ಅಳೆದರಾಯಿತಲ್ಲ ಎಂದರೆ, ಯಲ್ಲಪ್ಪ ಹೆಣ ಮುಟ್ಟುವ ಹಾಗಿರಲಿಲ್ಲ. ಅವನ ಕೇರಿ ಬೇರೆ. ಕುಣಿ ತೋಡಲು ಅವನ ಕೈ ಬೇಕು, ಕುಣಿಯಲ್ಲಿ ಕೂರುವವರಿಗೆ ಆ ಕೈ ತಾಗಬಾರದು. ಅದಕ್ಕೇ ಅವನು ಊರ ಜನ ಬದುಕಿರುವಾಗಲೇ, ಅವರು ಎಲ್ಲಾದರೂ ಕುಳಿತಾಗ, ದೂರದಿಂದ ಕಣ್ಣಲ್ಲೇ ಅಳತೆ ತೆಗೆದಿಟ್ಟುಕೊಳ್ಳುತ್ತಿದ್ದ.

ನೇಸರಗಿಯ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತವರು ಅವನ ಕೆಂಪು ರುಮಾಲು ದೂರದಲ್ಲಿ ಕಂಡರೆ ಸಾಕು, ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು. ಪರವೂರಿನವರು ಅದನ್ನು ನೋಡಿ, ಈ ಮುದುಕನಿಗೆ ಊರಲ್ಲಿ ಏನು ಮರ್ಯಾದೆ ಅಂದುಕೊಳ್ಳುತ್ತಿದ್ದರು.

ನನ್ನನ್ನು ಅವನು ಅಳೆದದ್ದು ಚಹಾದಂಗಡಿಯಲ್ಲಿ. ಆಗ ನಾನು ಪಂಚಾಯಿತಿ ಚೇರ್ಮನ್ನರ ಟ್ರ್ಯಾಕ್ಟರಿಗೆ ಹೊಸದಾಗಿ ಡ್ರೈವರ್ ಆಗಿ ಸೇರಿದ್ದೆ. ಇಡೀ ಊರಿಗೆ ಅದೊಂದೇ ಟ್ರ್ಯಾಕ್ಟರ್. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನಿಗೆ ಇಪ್ಪತ್ತೆರಡಕ್ಕೆ ಸ್ಟೇರಿಂಗ್ ಸಿಕ್ಕರೆ ತಲೆ ಎಲ್ಲಿ ನಿಲ್ಲುತ್ತದೆ? ಬೆಂಚಿನ ಮೇಲೆ ಸಾಹುಕಾರನ ಹಾಗೆ ಒರಗಿ ಕುಳಿತಿದ್ದೆ. ಯಲ್ಲಪ್ಪ ಅಂಗಡಿಯ ಹೊರಗೆ ನಿಂತು ಚಹಾ ಕುಡಿಯುತ್ತಿದ್ದ. ಅವನ ಕಪ್ಪು ಬೇರೆ, ಸೂರಿನ ಸಂದಿಯಲ್ಲಿ ಇರುತ್ತಿತ್ತು. ಕುಡಿದ ಮೇಲೆ ಅವನೇ ತೊಳೆದು ಅಲ್ಲೇ ಇಡಬೇಕು.

"ಏ ತಮ್ಮಾ, ಜರಾ ನೆಟ್ಟಗ ಕುಂದ್ರು."

"ಯಾಕ?"

"ಬೆನ್ನ ಬಾಗಿಸಿದ್ರ ಅಳತಿ ತಪ್ಪತೈತಿ."

"ನಾ ಇನ್ನಾ ಸಾಯಾಂವ ಅಲ್ಲೋ ಮುದುಕಾ!"

"ನಿನಗ ಯಾರ ಅವಸರ ಮಾಡ್ಯಾರ? ಸಾವಕಾಶ ಬಾ. ಅಳತಿ ಮೊದಲ ಇದ್ರ, ಬಂದಾಗ ಬಿಸಲಾಗ ಕಾಯೂದು ತಪ್ಪತೈತಿ." ಒಂದು ಕಣ್ಣು ಮುಚ್ಚಿ, ಮೂರು ಬೆರಳು ಮಡಚಿ ನೋಡಿದ. "ಎರಡು ಮೊಳಕ್ಕ ಮೂರು ಬಟ್ಟ ಕಮ್ಮಿ. ನಿಂತಾಗ ಭಾಳ ಉದ್ದ ಕಾಣತಿ, ಆದ್ರ ಎಲ್ಲಾ ಕಾಲಾಗ ಹೋಗೇತಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಅರ್ಧ ಚಹಾ ಬಿಟ್ಟು ಎದ್ದು ಹೋದೆ. ಮನೆಗೆ ಹೋಗಿ ಕಾಲು ನೋಡಿಕೊಂಡೆ. ಹೌದು, ಉದ್ದವೇ ಇದ್ದವು.

ಎಲ್ಲರೂ ಅವನನ್ನು ಯಲ್ಲ್ಯಾ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ. ಅಜ್ಜ ಅನ್ನಲು ಶುರುಮಾಡಿದ್ದು ಆಮೇಲೆ.

ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸುಡುಗಾಡಿನಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದು ಅವನಿಗೆ ಬಾಯಿಪಾಠ. ಅದಕ್ಕೆ ಹಗ್ಗ ಇಟ್ಟಿದ್ದ. ಪುಂಡಿ ನಾರಿನ ಹಗ್ಗ, ಸುಡುಗಾಡಿನ ಒಂದು ಸಾಲಿಗೆ ಒಂದು. ಒಬ್ಬರನ್ನು ಕೂರಿಸಿದ ಮೇಲೆ ಅವರು ಕುಳಿತ ಎತ್ತರದಷ್ಟು ಹಗ್ಗ ಬಿಟ್ಟು ಒಂದು ಗಂಟು ಹಾಕುವುದು. ಮುಂದಿನವರಿಗೆ ಆ ಗಂಟಿನಿಂದ ಮುಂದೆ. ಅವನ ಅಪ್ಪ ಹಾಕಿದ ಗಂಟುಗಳೂ ಇದ್ದವು, ಅಜ್ಜ ಹಾಕಿದವೂ ಇದ್ದವು. ಹಗ್ಗಗಳನ್ನು ಸಿಂಬಿ ಸುತ್ತಿ ಮನೆಯ ಗೋಡೆಗೆ ಗೂಟ ಹೊಡೆದು ನೇತುಹಾಕಿದ್ದ. ಬೆರಳಲ್ಲಿ ಗಂಟು ಮುಟ್ಟುತ್ತ ಹೋದರೆ ಹೆಸರು ತಾನೇ ಬಾಯಿಗೆ ಬರುತ್ತಿತ್ತು. ಹೆಸರಿನ ಹಿಂದೆ ಅವರ ಕಥೆ.

ಅವನ ಬಾಯಲ್ಲಿ ಯಾರೂ ಸತ್ತಿರಲಿಲ್ಲ. ಎಲ್ಲರೂ ಕುಂತಿದ್ದರು. "ಇಲ್ಲಿ ಗುರಪ್ಪ ಕುಂತಾನ. ಬಾಜೂಕ ಅವನ ತಮ್ಮ ಮಲ್ಲಪ್ಪ ಕುಂತಾನ. ಹೊಲದ ಬದುವಿನ ಸಲುವಾಗಿ ಇಪ್ಪತ್ತು ವರ್ಷ ಮಾತ ಬಿಟ್ಟಿದ್ರು. ಎಲ್ಲಾರ್ನೂ ಒಂದ ಕಡೆ ಮಾರಿ ಮಾಡಿ ಕುಂದರ್ಸಬೇಕು ಅಂತ ಮಠದ ಅಯ್ಯನವರ ಹುಕುಂ. ನಾ ಮಲ್ಲಪ್ಪನ ಕುಣಿ ಒಂಚೂರ ಸೊಟ್ಟ ತೋಡಿದೆ. ಈಗ ಇಬ್ಬರದೂ ಬೆನ್ನಿಗೆ ಬೆನ್ನ. ಜಗಳ ಇಲ್ಲ."

ಒಮ್ಮೆ ನಮ್ಮೂರ ಮಾಸ್ತರರು ಮಕ್ಕಳನ್ನು ಸುಡುಗಾಡಿಗೆ ಕರೆತಂದರು. ಅಲ್ಲೊಂದು ಸಮಾಧಿಯ ತಲೆಗೆ ಕಿತ್ತೂರಿನ ಅರಸರ ಬಿದ್ದ ವಾಡೆಯಿಂದ ತಂದ ಕೆತ್ತನೆಯ ಕಂಬದ ತುಂಡಿದೆ. ಅದನ್ನು ತೋರಿಸಿ ಇತಿಹಾಸ ಹೇಳಬೇಕು ಅಂತ ಅವರ ವಿಚಾರ. ಅದೇ ಹೊತ್ತಿಗೆ ಸುಡುಗಾಡಿನ ಗೋಡೆಯ ಹತ್ತಿರ ನನ್ನ ಟ್ರೇಲರ್ ಪಂಕ್ಚರ್ ಆಗಿತ್ತು. ಕಬ್ಬು ತುಂಬಿತ್ತು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಹೊರಟಿದ್ದೆ. ಗಾಲಿ ಬಿಚ್ಚುತ್ತ ಎಲ್ಲ ಕೇಳಿಸಿಕೊಂಡೆ.

ಮಾಸ್ತರರು ಪುಸ್ತಕ ತೆರೆದು ಎರಡು ಸಾಲು ಓದಿದರು. ಮಕ್ಕಳು ಓತಿಕ್ಯಾತ ನೋಡುತ್ತಿದ್ದರು. ಆಗ ಯಲ್ಲಪ್ಪ ದೂರದಿಂದಲೇ ಕೆಮ್ಮಿದ.

"ಮಾಸ್ತರ, ಅಪ್ಪಣೆ ಆದ್ರ ಒಂದ ಮಾತ ಹೇಳಲೇನ್ರಿ? ಇಲ್ಲಿ ಕುಂತಾಂವ ಕಲ್ಲಪ್ಪ. ವಾಡೇದ ಈ ಕಲ್ಲ ಚಕ್ಕಡ್ಯಾಗ ಹೇರಿಕೊಂಡ ಬಂದ. ಹೆಂಡತಿ ಇದರ ಮ್ಯಾಲ ಅರಬಿ ಒಗ್ಯಾಕ ಹತ್ತಿದ್ಲು. ಎಂಟ ದಿನದಾಗ ಒಂದ ಎತ್ತ ಸತ್ತಿತು. ಕಲ್ಲಪ್ಪಗ ಜೀವ ಹಾರಿತು. 'ಯಪ್ಪಾ, ಇದು ವಾಡೇದ ಕಲ್ಲ, ವಾಡೇಕ ಕೊಟ್ಟ ಬರತೇನಿ' ಅಂತ ಮತ್ತ ಹೇರಿದ. ಹಳ್ಳದಾಗ ಅಚ್ಚ ಮುರೀತು. ಹೊಳ್ಳಿ ಬಂದ. ಮತ್ತ ಹೋದ. ಮಳಿ ಬಂತು, ಮತ್ತ ಬಂದ. ಮೂರನೇ ಸಲ ಕಿತ್ತೂರ ತನಕ ಮುಟ್ಟಿದ. ಅಲ್ಲಿ ಒಬ್ಬಾಂವ ಸಿಪಾಯಿ, 'ಏನೋ, ಸರಕಾರಿ ಕಲ್ಲ ಕದ್ದ ಒಯ್ಯಾಕ ಹತ್ತಿ?' ಅಂತ ಹಿಡದ! 'ಒಯ್ಯಾಂವ ಅಲ್ರಿ, ಇಡಾಕ ಬಂದೇನಿ' ಅಂದ್ರ ಯಾರ ನಂಬತಾರ?"

ಸಿಪಾಯಿಯ ಹಾಗೆ ಮೀಸೆ ತಿರುವಿದ, ಕಲ್ಲಪ್ಪನ ಹಾಗೆ ನಡುಗಿದ, ಸತ್ತ ಎತ್ತಿನ ಹಾಗೆ ನಾಲಿಗೆ ಚಾಚಿದ. ಮಕ್ಕಳು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. "ಅದಕ್ಕ ಕಲ್ಲಪ್ಪ ಅಂದ, 'ಇದನ್ನ ನನ್ನ ತಲಿ ಮ್ಯಾಲ ಇಡ್ರಿ. ವಾಡೇದವರು ಕೇಳಾಕ ಬಂದ್ರ ನಾನ ಕೊಡತೇನಿ.' ಇನ್ನಾ ಕಾಯಾಕ ಹತ್ಯಾನ, ಪಾಪ."

ಆ ವರ್ಷದ ಪರೀಕ್ಷೆಯಲ್ಲಿ ಕಿತ್ತೂರಿನ ಬಗ್ಗೆ ಬರೆಯಿರಿ ಎಂದು ಪ್ರಶ್ನೆ ಬಂತಂತೆ. ಇಡೀ ವರ್ಗ ಕಲ್ಲಪ್ಪನ ಹೆಂಡತಿ ಬಟ್ಟೆ ಒಗೆದದ್ದನ್ನು ಬರೆದಿತ್ತು. ಮಾಸ್ತರರು ತಲೆ ಹಿಡಿದುಕೊಂಡರು. ಆದರೆ ಮರುವರ್ಷವೂ ಮಕ್ಕಳನ್ನು ಕರೆದುಕೊಂಡು ಬಂದರು.

ಅವತ್ತು ಮಕ್ಕಳು ಹೋದ ಮೇಲೆ ಯಲ್ಲಪ್ಪ ನನ್ನ ಹತ್ತಿರ ಬಂದು ನಿಂತ. ನಾನು ಗಾಲಿ ಹಾಕಿ ಮುಗಿಸುವವರೆಗೂ ನಿಂತೇ ಇದ್ದ. ನನಗೆ ನಿಂತವರನ್ನು ನೋಡಿಕೊಂಡು ಕೆಲಸ ಮಾಡಲು ಆಗುವುದಿಲ್ಲ.

"ಏ ಅಜ್ಜಾ, ಎಷ್ಟೊತ್ತ ನಿಂದರ್ತಿ? ಕುಂದ್ರು."

ಅವನಿಗೆ ಏನೋ ಚೇಳು ಕಚ್ಚಿದ ಹಾಗಾಯಿತು. ಹಿಂದೆ ಮುಂದೆ ನೋಡಿದ. ನಾನು ಬೇರೆ ಯಾರಿಗೋ ಹೇಳಿದೆ ಅಂದುಕೊಂಡಿರಬೇಕು. ಆಗ ನನ್ನ ತಲೆಗೆ ಹೊಳೆಯಿತು. ಅವನು ಎಲ್ಲಾದರೂ ಕುಳಿತದ್ದನ್ನು ನಾನು ನೋಡಿಯೇ ಇರಲಿಲ್ಲ. ಅಂಗಡಿಯಲ್ಲಿ, ಪಂಚಾಯಿತಿಯಲ್ಲಿ, ಯಾರದೇ ಅಂಗಳದಲ್ಲಿ ಅವನು ನಿಂತೇ ಇರುತ್ತಿದ್ದ. ಕುಂದ್ರು ಅಂತ ಯಾರೂ ಹೇಳುತ್ತಿರಲಿಲ್ಲ. ಹೇಳದೆ ಕೂರುವ ಹಾಗಿರಲಿಲ್ಲ.

"ಎಲ್ಲಿ ಕುಂದ್ರಲೋ ತಮ್ಮಾ? ಇಲ್ಲಿ ಎಲ್ಲಾ ಜಾಗಾದಾಗೂ ಯಾರೋ ಒಬ್ರು ಕುಂತಾರ."

"ಟ್ರ್ಯಾಕ್ಟರ್ ಮ್ಯಾಲ ಯಾರೂ ಕುಂತಿಲ್ಲ. ಹತ್ತು."

ಮಡ್ಗಾರ್ಡ್ ಹತ್ತಿ ಕುಳಿತ. ಕುಳಿತು ಸುಮ್ಮನೆ ಕಾಲು ಅಲ್ಲಾಡಿಸಿದ. ಆಮೇಲೆ ಅವನ ಆಸೆ ಹೇಳಿದ.

"ನಮ್ಮ ಕೇರಿಯವರು ಹಳ್ಳದ ಆಕಡಿ ಮಲಗತಾರ. ನನಗ ಮಲಗೂದು ಸೇರೂದಿಲ್ಲ ನೋಡು. ಮಲಗಿದಾಂವಗ ಯಾರ ಬಂದ್ರು ಯಾರ ಹೋದ್ರು ಏನ ತಿಳೀತೈತಿ? ಹುಟ್ಟಿದಾಗಿಂದ ಎಲ್ಲಾರ್ನೂ ಕುಂದರ್ಸೇನಿ. ಹೋದ ಮ್ಯಾಲ ನಾನೂ ಕುಂದ್ರಬೇಕು. ಮೂಡಣ ಸಾಲಿನ ಕೊನಿಗೆ ಒಬ್ಬರು ಹಿಡಿಯೂವಷ್ಟು ಜಾಗ ಐತಿ. ಯಾರ ಕೇಳಿದ್ರೂ, 'ಅಲ್ಲಿ ತೆಳಗ ಬಂಡಿಗಲ್ಲ ಐತ್ರಿ, ಕಬ್ಬಿಣದ ಹಾರಿನೂ ಇಳಿಯೂದಿಲ್ಲ' ಅಂತ ಹೇಳಿ ಉಳಿಸಿಟ್ಟೇನಿ."

"ಬಂಡಿಗಲ್ಲ ಐತೇನ ಖರೇನ?"

"ಬೆಣ್ಣಿಯಂಥಾ ಮಣ್ಣ ಐತಿ!" ಎಂದು ಬಾಯಿ ಮುಚ್ಚಿಕೊಂಡು ನಕ್ಕ.

ಮೂಡಣ ಸಾಲು ಬಡವರ ಸಾಲು. ಅಲ್ಲಿ ಕಟ್ಟಿದ ಸಮಾಧಿಗಳಿಲ್ಲ. ತಲೆಗೊಂದು ಕಾಡುಗಲ್ಲು, ಅಷ್ಟೇ. ಕೆಲವು ಕಲ್ಲುಗಳೂ ಹೋಗಿದ್ದವು. ಅಲ್ಲಿ ಯಾರಿದ್ದಾರೆ ಎಂದು ಅವನ ಹಗ್ಗಕ್ಕೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ. ಅದೇ ಸಾಲಿನ ಮೇಲೆ ಚೇರ್ಮನ್ನರ ಕಣ್ಣು ಬಿತ್ತು.

ಚೇರ್ಮನ್ ಚನಬಸಪ್ಪನವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ನಿಂತರೆ ನನ್ನ ಭುಜಕ್ಕೆ ಬರುತ್ತಿದ್ದರು. ಕುಳಿತರೆ ನನಗಿಂತ ನಾಲ್ಕು ಬೆರಳು ಎತ್ತರ. ಸೊಂಟದಿಂದ ಮೇಲೆ ಕೋಟೆಯ ಗೋಡೆಯ ಹಾಗೆ ಇದ್ದರು, ಕಾಲು ಮಾತ್ರ ದೇವರು ಮರೆತು ಕೊನೆಗೆ ಅಂಟಿಸಿದ ಹಾಗೆ. ಸಭೆಯಲ್ಲಿ ಅವರು ಎದ್ದು ನಿಂತು ಮಾತಾಡಿದ್ದನ್ನು ಯಾರೂ ನೋಡಿಲ್ಲ. ಎದ್ದರೆ ಗಿಡ್ಡ ಆಗುತ್ತಿದ್ದರು. ತಮ್ಮ ಹಿರಿಯರು ತೊರಗಲ್ ಕೋಟೆಯಲ್ಲಿ ಕುದುರೆ ಸರದಾರರಾಗಿದ್ದರು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅಪ್ಪನಿಗೆ ಸುಡುಗಾಡಿನ ಪಡುವಣ ಬದಿಗೆ ಬಿಳಿ ಹಂಚು ಹಚ್ಚಿದ ಸಮಾಧಿ ಕಟ್ಟಿಸಿದ್ದರು.

ಅವರ ಕಬ್ಬಿನ ಹೊಲ ಸುಡುಗಾಡಿನ ಹಿಂದೆ. ಕಬ್ಬು ಹೇರಿಕೊಂಡು ದೊಡ್ಡ ರಸ್ತೆಗೆ ಬರಬೇಕಾದರೆ ಊರೊಳಗಿನ ಓಣಿಯಲ್ಲಿ ಸುತ್ತಬೇಕು. ಓಣಿಯಲ್ಲಿ ಟ್ರೇಲರ್ ಸಿಕ್ಕಿಕೊಳ್ಳುತ್ತಿತ್ತು. ಎರಡು ಸಲ ಒಬ್ಬರ ಮನೆಯ ಮೂಲೆ ಕೆಡವಿ ಬೈಸಿಕೊಂಡಿದ್ದೆ. ಒಂದು ದಿನ ಚೇರ್ಮನ್ನರು ನನ್ನನ್ನು ಕರೆದು ಹೇಳಿದರು.

"ನಾಳೆ ಮುಂಜಾನೆ ಮೂಡಣ ಕಡಿ ಕಲ್ಲ ಕಿತ್ತ ಒಗದ, ಹಲಗಿ ಹೊಡದ ಸಪಾಟ ಮಾಡಿ ಬಿಡು. ಅಲ್ಲೇ ರಸ್ತಾ ತೆಗಿಯೂಣು. ಅಲ್ಲಿ ಯಾರೂ ಇಲ್ಲ."

ಅಜ್ಜನ ಜಾಗ ನೆನಪಾಯಿತು. ಆದರೆ ಸುಳ್ಳು ಯಾಕೆ ಹೇಳಲಿ, ನನಗೂ ಆ ರಸ್ತೆ ಬೇಕಿತ್ತು. ಸತ್ತ ಮೇಲೆ ಕುಳಿತರೇನು ಮಲಗಿದರೇನು, ಬದುಕಿದವನ ಟ್ರೇಲರ್ ಸಿಕ್ಕಿಕೊಳ್ಳುತ್ತದಲ್ಲ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರಿಗೆ ನೆಲ ಸಮ ಮಾಡುವ ಹಲಗೆ ಕಟ್ಟಿಕೊಂಡು ಹೋದೆ. ಯಲ್ಲಪ್ಪ ಹೆಗಲ ಮೇಲೆ ಹಗ್ಗದ ಸಿಂಬಿ ಹಾಕಿಕೊಂಡು ಸಾಲಿನ ಮುಂದೆ ನಿಂತಿದ್ದ.

"ಇಂಜಿನ್ ಬಂದ್ ಮಾಡು. ಸಭಾ ನಡದೈತಿ."

"ಅಜ್ಜಾ, ಹಾದಿ ಬಿಡು. ಹೊತ್ತಾತು."

"ನೀ ಮೂರ ಬಟ್ಟ ಕಮ್ಮಿ ಇದ್ದಾಂವ, ನಿನಗ ಇದು ತಿಳಿಯಂಗಿಲ್ಲ. ಚೇರ್ಮನ್ರನ್ನ ಕರಕೊಂಡ ಬಾ. ಈ ಸಾಲಿನಾಗ ಆರನೇ ಗಂಟ ಯಾರದು ಅಂತ ಅವರಿಗಿ ಹೇಳಬೇಕಾಗೇತಿ."

ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಹೋಗಿ ಹೇಳಿದೆ. ಚೇರ್ಮನ್ನರು ಸಿಟ್ಟಿನಿಂದ ಬಂದರು. ಅವರ ಹಿಂದೆ ಅರ್ಧ ಊರು ಬಂತು. ಎಲ್ಲರ ಹಿಂದೆ, ಕೋಲು ಊರಿಕೊಂಡು, ಅವರ ಮುದಿ ತಾಯಿ ಗಂಗವ್ವನೂ ಬಂದಳು.

"ಏನೋ ಯಲ್ಲ್ಯಾ, ಇದು ನಿಮ್ಮಪ್ಪನ ಮನಿ ಆಸ್ತಿ ಏನು?"

"ಅಲ್ರಿ ಧಣಿ. ನಿಮ್ಮಪ್ಪನ ಅವ್ವಂದು."

ಜನ ಹತ್ತಿರ ಸರಿದರು. ಎಲ್ಲೋ ಒಬ್ಬ ಕೆಮ್ಮಿದ.

"ಏನಂದಿ?"

"ನಿಮ್ಮಜ್ಜಿ ಸಿದ್ದವ್ವ ಇಲ್ಲೇ ಕುಂತಾಳ್ರಿ. ಆರನೇದಾಕಿ. ನಮ್ಮಪ್ಪ ಗಂಟ ಹಾಕಿದಾಗ ನಾ ಬಾಜೂಕ ಮಣ್ಣ ಎಳ್ಯಾಕ ಹತ್ತಿದ್ದೆ."

"ಸುಳ್ಳ ಬೊಗಳಬ್ಯಾಡ! ನಮ್ಮಜ್ಜಿ ತೊರಗಲ್ಲ ಕೋಟಿ ಮನಿತನದಾಕಿ."

"ಕೋಟಿ ನೋಡಿದ್ಲೋ ಇಲ್ಲೋ ನನಗ ಗೊತ್ತಿಲ್ರಿ. ತಲಿ ಮ್ಯಾಲ ಸೆಗಣಿ ಕುಳ್ಳಿನ ಬುಟ್ಟಿ ಹೊತ್ಕೊಂಡು ನೇಸರಗಿ ಸಂತಿಗಿ ಹೋಗೂದನ್ನ ನೋಡೇನಿ."

ಈಗ ಜನ ನಕ್ಕರು. ಚೇರ್ಮನ್ನರ ಕಿವಿ ಕೆಂಪಾಯಿತು. "ಎಲ್ಲಿ ಬರದೈತಿ ಅದು? ತೋರ್ಸು!"

"ಹಗ್ಗದಾಗ ಐತ್ರಿ." ಯಲ್ಲಪ್ಪ ಸಿಂಬಿ ಬಿಚ್ಚಿದ. ಆಮೇಲೆ ಮೆತ್ತಗೆ ಹೇಳಿದ. "ಕುಂದ್ರರಿ."

ಚೇರ್ಮನ್ನರು ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಊರೆಲ್ಲ ನೋಡುತ್ತಿತ್ತು. ಕೂರದಿದ್ದರೆ ಹೆದರಿದರು ಅನ್ನುತ್ತಾರೆ. ಧೋತರ ಮೇಲಕ್ಕೆತ್ತಿ ನೆಲದ ಮೇಲೆ ಕುಳಿತರು. ಕುಳಿತ ಕೂಡಲೇ ಎಂದಿನ ಹಾಗೆ ಎತ್ತರ ಆದರು.

"ತಮ್ಮಾ, ನೀ ಹಿಡಿ. ನಾ ಅವರನ್ನ ಮುಟ್ಟೂ ಹಂಗಿಲ್ಲ."

ಹಗ್ಗ ನನ್ನ ಕೈಗೆ ಬಂತು. ಐದನೇ ಗಂಟನ್ನು ನೆಲಕ್ಕೆ ಒತ್ತಿ, ಬೆನ್ನಿನ ಮೇಲೆ ಹಗ್ಗ ಎಳೆದೆ. ಆರನೇ ಗಂಟು ಸರಿಯಾಗಿ ಚೇರ್ಮನ್ನರ ನೆತ್ತಿಯ ಮೇಲೆ ಬಂದು ಕುಳಿತಿತು. ಒಂದು ಎಳೆ ಆಚೆ ಇಲ್ಲ, ಈಚೆ ಇಲ್ಲ.

"ಅದರಾಗೇನೈತಿ?" ಎಂದು ಚಹಾದಂಗಡಿಯವನು ಮುಂದೆ ಬಂದ. "ನನಗೂ ಹಿಡಿ ನೋಡೂಣು." ಅವನನ್ನು ಕೂರಿಸಿ ಹಿಡಿದೆ. ಗಂಟು ಅವನ ತಲೆಯ ಮೇಲೆ ಒಂದು ಗೇಣು ಗಾಳಿಯಲ್ಲಿ ನಿಂತಿತು. ಆಮೇಲೆ ಇನ್ನೊಬ್ಬ ಕುಳಿತ. ಅವನಿಗೆ ಏಳು ಬೆರಳು ಸಾಲದು. ಮಾಸ್ತರರು ಕುಳಿತರು. ಊರ ಪೈಲ್ವಾನನೂ ಕುಳಿತ. ಕುಂದ್ರರಿ ಅಂದರೆ ಓಡಿಹೋಗುತ್ತಿದ್ದ ಜನ ಅವತ್ತು "ನನಗ ಹಿಡಿ, ನನಗ ಹಿಡಿ" ಎಂದು ಸಾಲಾಗಿ ಕುಳಿತುಬಿಟ್ಟರು. ಯಾರ ತಲೆಯೂ ಆ ಗಂಟಿಗೆ ಮುಟ್ಟಲಿಲ್ಲ. ಯಲ್ಲಪ್ಪ ಒಬ್ಬನೇ ನಿಂತು ಎಲ್ಲರನ್ನೂ ಒಂದೇ ಸಲಕ್ಕೆ ಕಣ್ಣಲ್ಲಿ ಅಳೆದುಕೊಂಡ. ಅವನಿಗೆ ಅಂಥ ಸುಗ್ಗಿ ಹಿಂದೆಂದೂ ಸಿಕ್ಕಿರಲಿಲ್ಲ.

ಚೇರ್ಮನ್ನರು ಇನ್ನೂ ಬಗ್ಗಲಿಲ್ಲ. "ಹಗ್ಗಾ ಮಾತಾಡತೈತೇನು?"

ಆಗ ಯಲ್ಲಪ್ಪ ತಲೆಯ ಮೇಲೆ ಬುಟ್ಟಿ ಇದ್ದ ಹಾಗೆ ಒಂದು ಕೈ ಎತ್ತಿದ. ಕುತ್ತಿಗೆ ನೆಟ್ಟಗೆ ಮಾಡಿದ. ಮೂಗಿನಲ್ಲಿ ರಾಗ ಎಳೆದ.

"ಕುಳ್ಳ ತಗೋರೆವ್ವಾ ಕುಳ್ಳೂ! ಒಣಾ ಕುಳ್ಳೂ! ಈಗ ಮೂಗ ಮುರೀತೀರಿ, ಮಳಿ ಹತ್ತಿದ ಮ್ಯಾಲ 'ಸಿದ್ದವ್ವಾ, ಸಿದ್ದವ್ವಾ' ಅಂತ ಅತ್ರ ನಾ ಹೊಳ್ಳಿ ನೋಡಾಕಿ ಅಲ್ಲಾ!"

"ಅಯ್ಯ ಶಿವನ! ನಮ್ಮತ್ತಿ!" ಎಂದು ಹಿಂದಿನಿಂದ ಕೂಗು ಬಂತು. ಗಂಗವ್ವ ಗಡಬಡಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು. ಸತ್ತ ಅತ್ತೆಯ ಧ್ವನಿ ಕೇಳಿ ಕೈ ತಾನೇ ಸೆರಗಿಗೆ ಹೋಗಿತ್ತು. ಎಲ್ಲರೂ ಅವಳ ಕಡೆ ತಿರುಗಿದರು.

"ಹೌದೋ ಚನಬಸು. ಆಕಿ ಕುಳ್ಳ ಮಾರೇ ನಿಮ್ಮಪ್ಪನ್ನ ಸಾಕ್ಯಾಳ. ಕೈಯಾಗ ನಾಕ ಎಕರೆ ಬಂದ ಮ್ಯಾಲ ನಿಮ್ಮಪ್ಪ, 'ಈ ಸುದ್ದಿ ಎತ್ತಬ್ಯಾಡ್ರಿ' ಅಂದ. ನಾ ಬಾಯಿ ಮುಚ್ಚಿದೆ. ಇನ್ನ ನೀ ಆಕಿ ತಲಿ ಮ್ಯಾಲ ಟ್ಯಾಕ್ಟರ ಹಾಯಿಸಿದ್ರ, ನಾ ಅಲ್ಲಿ ಹೋದ ಮ್ಯಾಲ ಆಕಿ ನನ್ನ ಬಿಡತಾಳೇನೋ? ಇದ್ದಾಗ ಬೈಸಿಕೊಂಡದ್ದ ಸಾಕಾಗೇತಿ ನನಗ!"

ಚೇರ್ಮನ್ನರು ಕುಳಿತಲ್ಲಿಂದಲೇ ನನ್ನನ್ನು ನೋಡಿ ಒಂದೇ ಮಾತು ಹೇಳಿದರು.

"ರಸ್ತಾ ಸುತ್ತ ಹಾಕಿ ತೆಗಿ."

ಹೀಗೆ ನಮ್ಮೂರ ರಸ್ತೆಗೆ ತಿರುವು ಬಂತು. ಮೂಡಣ ಸಾಲನ್ನೂ, ಅದರ ಕೊನೆಯ ಖಾಲಿ ಜಾಗವನ್ನೂ ಬಿಟ್ಟು, ಕುಡಗೋಲಿನ ಹಾಗೆ ಬಾಗಿ ಹೋಗುತ್ತದೆ. ಮುಂದಿನ ಚುನಾವಣೆಯಲ್ಲಿ ತೊರಗಲ್ಲಿನ ಕುದುರೆಗಳು ಮಾಯವಾದವು. "ನಮ್ಮಜ್ಜಿ ಕುಳ್ಳು ಮಾರಿ ಮನಿತನ ಕಟ್ಟಿದಾಕಿ" ಎಂದು ಚೇರ್ಮನ್ನರು ಊರೂರು ಕುಳಿತು ಭಾಷಣ ಮಾಡಿ ಮತ್ತೆ ಆರಿಸಿ ಬಂದರು.

ಆರಿಸಿ ಬಂದ ಖುಷಿಯಲ್ಲಿ ಯಲ್ಲಪ್ಪನನ್ನು ಪಂಚಾಯಿತಿಗೆ ಕರೆಸಿದರು. ನಾನೂ ಅಲ್ಲಿದ್ದೆ.

"ಏನ ಬೇಕ ಕೇಳೋ ಯಲ್ಲಪ್ಪಾ. ಧೋತರ ಕೊಡಿಸಲೇನು? ಆಡ ಕೊಡಿಸಲೇನು?"

"ಅವೆಲ್ಲಾ ಯಾಕ್ರಿ ಧಣಿ. ನಿಮ್ಮಜ್ಜಿ ಸಾಲಿನ ಕೊನಿಗೆ ನನಗ ಕುಂದ್ರಾಕ ಜಾಗ ಕೊಡ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ರೂಢಿಯಿಲ್ಲ ಎಂದು ಒಬ್ಬರು ಅಂದರು. ಅವನ ಕೇರಿಯವರಿಗೆ ಹಳ್ಳದಾಚೆ ಜಾಗ ಇದೆಯಲ್ಲ ಎಂದು ಇನ್ನೊಬ್ಬರು. ಚೇರ್ಮನ್ನರು "ನೋಡೂಣು" ಅಂದರು. ನಮ್ಮಲ್ಲಿ ನೋಡೋಣ ಅಂದರೆ ಆಗುವುದಿಲ್ಲ ಅಂತ ಅರ್ಥ. ಯಲ್ಲಪ್ಪ ನಿಂತಲ್ಲೇ ಕೈ ಮುಗಿದು ಹೊರಗೆ ಬಂದ.

"ಕುಂದ್ರು ಅಂತ ಹೇಳೂದು ನನಗ ಎಷ್ಟ ಸಲೀಸ ಬರತೈತಿ ನೋಡು ತಮ್ಮಾ," ಅಂದ. "ಇವರಿಗಿ ನಾಲಿಗಿ ಹೊಳ್ಳೂದಿಲ್ಲ."

ಮುಂದಿನ ಬೇಸಿಗೆಯಲ್ಲಿ ಅವನಿಗೆ ಜ್ವರ ಹಿಡಿಯಿತು. ಬೈಲಹೊಂಗಲದ ದವಾಖಾನೆಗೆ ನಾನೇ ಕರೆದುಕೊಂಡು ಹೊರಟೆ. ಟ್ರೇಲರಿನಲ್ಲಿ ಹುಲ್ಲು ಹಾಕಿ ಮಲಗು ಅಂದರೆ ಕೇಳಲಿಲ್ಲ. ಮಡ್ಗಾರ್ಡ್ ಮೇಲೆಯೇ ಕೂರುತ್ತೇನೆ ಎಂದು ಹಟ ಹಿಡಿದ. ಒಂದು ಕೈಯಲ್ಲಿ ಸ್ಟೇರಿಂಗ್, ಒಂದು ಕೈಯಲ್ಲಿ ಅವನ ರಟ್ಟೆ ಹಿಡಿದುಕೊಂಡು ಹೋದೆ. ಅವನ ರುಮಾಲಿನ ತುದಿ ಸರಿಯಾಗಿ ನನ್ನ ಕಿವಿಯ ಮಟ್ಟಕ್ಕಿತ್ತು. ಚಹಾದಂಗಡಿಯ ಮುಂದೆ ಹಾದಾಗ ಇದ್ದ ಶಕ್ತಿಯೆಲ್ಲ ಹಾಕಿ ಕೂಗಿದ.

"ನೋಡ್ರೋ! ಕುಂತೇನಿ!"

ಒಳಗೆ ಕುಳಿತವರು ರೂಢಿಯಂತೆ ಎದ್ದು ನಿಂತರು. ಅವನು ಅದನ್ನು ನೋಡಿ ಬೈಲಹೊಂಗಲ ಮುಟ್ಟುವ ತನಕ ನಗುತ್ತಿದ್ದ. ನಾಲ್ಕು ದಿನಕ್ಕೆ ಹೋಗಿಬಿಟ್ಟ.

ಹೆಣ ಊರಿಗೆ ತಂದೆ. ರಾಮದುರ್ಗಕ್ಕೆ ಕೊಟ್ಟಿದ್ದ ಅವನ ಮಗಳು ಬಂದಳು. ಕೇರಿಯವರು ಹಳ್ಳದಾಚೆ ಮಲಗಿಸೋಣ, ಅದೇ ಪದ್ಧತಿ ಅಂದರು. ಮಗಳು ಕಣ್ಣು ಒರೆಸಿಕೊಂಡು ಹೇಳಿದಳು: "ಜೀವನಪೂರ್ತಿ ನಿಂತಾನ. ಒಮ್ಮೆ ಕುಂದ್ರಲಿ ಬಿಡ್ರಿ."

ನಾನು ನೇರ ಚೇರ್ಮನ್ನರ ಮನೆಗೆ ಹೋದೆ. ಹಿರಿಯರು ಮೊದಲೇ ಬಂದು ಕುಳಿತಿದ್ದರು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ಜಾಗ ಕೊಡ್ತೀರೋ ಇಲ್ಲೋ? ಕೊಡದಿದ್ರ ನಿಮ್ಮ ಟ್ರ್ಯಾಕ್ಟರ್ ಕೀಲಿ ಇಲ್ಲೇ ಐತಿ."

ಕೀಲಿಕೈ ಅವರ ಮುಂದೆ ಇಟ್ಟೆ. ಹಿರಿಯರಲ್ಲಿ ಒಬ್ಬರು, "ಸುಡಗಾಡದಾಗ ಅಂತೂ ಆಗೂದಿಲ್ಲ" ಅಂದರು. ಚೇರ್ಮನ್ನರು ಕೀಲಿಕೈ ನೋಡಿದರು. ಹಿರಿಯರನ್ನು ನೋಡಿದರು. ಆಮೇಲೆ ಸಾವಕಾಶ ಕೇಳಿದರು.

"ಆ ಮೂಡಣ ಕೊನಿಗಿ ಏನೈತ್ರಿ?"

"ಬಂಡಿಗಲ್ಲ ಐತಿ. ಅಲ್ಲಿ ಹಾರಿ ಇಳಿಯೂದಿಲ್ಲ. ಯಲ್ಲ್ಯಾನ ಹೇಳತಿದ್ದ."

"ಕುಣಿ ತೋಡಾಕ ಆಗದ ಜಾಗ ಸುಡಗಾಡ ಹೆಂಗ ಆದೀತ್ರಿ? ಅದು ರಸ್ತಾದ ಬಾಜೂ. ರಸ್ತಾ ಪಂಚಾಯಿತಿದು." ನನ್ನ ಕಡೆ ತಿರುಗಿದರು. "ರಸ್ತಾದ ಬಾಜೂ ನೀ ಏನ ಮಾಡ್ತಿ ನಾ ನೋಡಾಕ ಬರಂಗಿಲ್ಲ. ಕೀಲಿ ತಗೊಂಡ ಹೋಗು."

ಹಿರಿಯರು, ಬಂಡಿಗಲ್ಲಿನಲ್ಲಿ ಇವನು ಅದೇನು ತೋಡುತ್ತಾನೋ ನೋಡೋಣ ಎಂದು ನನ್ನ ಹಿಂದೆಯೇ ಬಂದರು.

ಅವನ ಅಳತೆ ಯಾವ ಹಗ್ಗದಲ್ಲೂ ಇರಲಿಲ್ಲ. ಊರಿನ ಕುಣಿ ತೋಡುವವನನ್ನು ಅಳೆಯುವವರು ಯಾರು? ನಾನು ಟ್ರ್ಯಾಕ್ಟರಿನ ಸೀಟಿನ ಮೇಲೆ ಕುಳಿತು, ಮಡ್ಗಾರ್ಡಿನಿಂದ ನನ್ನ ಕಿವಿಯ ತನಕ ಹಗ್ಗ ಹಿಡಿದು ಗಂಟು ಹಾಕಿದೆ. ರುಮಾಲು ಸೇರಿಸಿ. ಆಮೇಲೆ ಹಾರೆ ಎತ್ತಿ ಹೊಡೆದೆ.

ಹಾರೆ ಗೇಣುದ್ದ ಇಳಿಯಿತು. ಇನ್ನೊಂದು ಏಟಿಗೆ ಇನ್ನೊಂದು ಗೇಣು. ಕರಿ ಮಣ್ಣು ಬೆಲ್ಲದ ಹಾಗೆ ಒಡೆದು ಬಂತು. ಮೊಣಕಾಲು ಆಳ ತೋಡಿದೆ, ಸೊಂಟದಷ್ಟು ತೋಡಿದೆ. ಬಂಡೆ ಹೋಗಲಿ, ಒಂದು ಹರಳೂ ಸಿಗಲಿಲ್ಲ. ಹಿರಿಯರು ಬಗ್ಗಿ ಬಗ್ಗಿ ನೋಡಿದರು. ಬದಿಗೆ ಮಣ್ಣಿನ ಗುಡ್ಡೆ ಏರುತ್ತಿತ್ತು.

"ಎಲಾ ಇವನ!" ಒಬ್ಬರು ಹಣೆ ಬಡಿದುಕೊಂಡರು. "ನಮ್ಮ ಕಾಕಾಗ ಇದ ಜಾಗ ಕೇಳಿದಾಗ ಕಲ್ಲ ಐತಿ ಅಂದಿದ್ದ!"

"ನಮ್ಮವ್ವಗ ಕೇಳಿದಾಗೂ ಹಂಗ ಅಂದ!"

"ಹಾರಿ ಮುರದ ತೋರ್ಸಿದ್ದನಲ್ಲೋ ನನಗ! ಮನ್ಯಾಗಿನ ಮುರಕ ಹಾರಿ ತಂದಿದ್ನೇನ ಮಗ?"

ಮೊದಲು ಬೈದರು. ಬೈಯುತ್ತ ಬೈಯುತ್ತ ಒಬ್ಬರಿಗೆ ನಗು ಬಂತು. ಆಮೇಲೆ ಎಲ್ಲರಿಗೂ ಬಂತು. ಸಾವಿನ ಮನೆಯವರ ಮುಂದೆ ನಗಬಾರದು ಎಂದು ರುಮಾಲು ಬಾಯಿಗೆ ಒತ್ತಿಕೊಂಡರು. ಮಗಳೇ ಮೊದಲು ಜೋರಾಗಿ ನಕ್ಕಳು. ನಗುತ್ತಲೇ ಅತ್ತಳು.

ಅವನನ್ನು ಕೇರಿಯವರೂ ನಾನೂ ಸೇರಿ ಇಳಿಸಿದೆವು. ವಿಭೂತಿ ಇಲ್ಲ, ಲಿಂಗ ಇಲ್ಲ, ಅಯ್ಯನವರು ಬರಲಿಲ್ಲ. ಆದರೆ ಕುಳಿತದ್ದಂತೂ ಕುಳಿತ. ರುಮಾಲಿನ ಮೇಲೆ ಎರಡು ಬೆರಳು ಜಾಗ ಉಳಿಯಿತು. ನೋಡಿದ್ದರೆ ಬೈಯುತ್ತಿದ್ದ.

ಹಗ್ಗಗಳು ಈಗ ಟ್ರ್ಯಾಕ್ಟರಿನ ಸೀಟಿನ ಕೆಳಗಿನ ಡಬ್ಬಿಯಲ್ಲಿವೆ. ಕಬ್ಬಿನ ಸುಗ್ಗಿಗೆ ಬೇರೆ ಊರುಗಳಿಂದ ಹೊಸ ಡ್ರೈವರುಗಳು ಬರುತ್ತಾರೆ. ಆ ತಿರುವಿನಲ್ಲಿ ಟ್ರೇಲರ್ ತಿರುಗಿಸಲು ಆಗದೆ ಬೆವರುತ್ತಾರೆ. ಮೊನ್ನೆ ಒಬ್ಬ ಇಳಿದು ನನ್ನ ಮೇಲೆಯೇ ಹಾರಾಡಿದ.

"ಯಾವ ಹುಚ್ಚ ತೆಗದಾನೋ ಈ ರಸ್ತಾ? ಇಷ್ಟ ಖಾಲಿ ಜಾಗ ಐತಿ, ನೆಟ್ಟಗ ಒಯ್ದಿದ್ರ ಏನ ಆಗತಿತ್ತು?"

"ಖಾಲಿ ಇಲ್ಲ," ಅಂದೆ. "ಅಜ್ಜ ಕುಂತಾನ. ಸುತ್ತ ಹಾಕಿ ಹೋಗು."